ಬಾಹ್ಯಾಕಾಶದವರು ಉಂಡು ಹೋದ ದಿನ

ಬೆಂದ ಕಡಲೆಬೇಳೆಗೆ ಬೆಲ್ಲ ಬಿದ್ದಾಗ ಏಳುವ ವಾಸನೆ ಎಲ್ಲಿಯೇ ಮೂಗಿಗೆ ತಾಕಲಿ, ನಾನು ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಬಿಳೂರಿನ ನಮ್ಮ ಹಳೆಯ ಅಡಿಗೆಮನೆಯ ಹೊಸ್ತಿಲಲ್ಲಿ ಕೂತುಬಿಡುತ್ತೇನೆ. ಒಳಗೆ ಶಾಂತತ್ತೆ ಹೂರಣ ರುಬ್ಬುತ್ತಿರುತ್ತಾಳೆ. ಅಪ್ಪನ ಅಕ್ಕ ಅವಳು. ಹರೆಯದಲ್ಲೇ ಗಂಡ ಸತ್ತು ತವರಿಗೆ ಬಂದವಳು. ಮುಂಗೈಯೆಲ್ಲ ಬೆಲ್ಲದ ಅಂಟು, ಕುತ್ತಿಗೆಯಲ್ಲಿ ಬೆವರು, ಬಾಯಲ್ಲಿ ಸಣ್ಣಗೆ ಒಂದು ಹಾಡು. ಆ ಮನೆ ಈಗಿಲ್ಲ. ಪಾಲಾಗಿ, ಒಡೆದು, ಸಿಮೆಂಟಿನ ಮನೆಗಳಾಗಿವೆ. ನಿಮ್ಮಲ್ಲೂ ಇಂಥ ಒಬ್ಬಳು ಅತ್ತೆ ಇದ್ದಿರುತ್ತಾಳೆ. ಅವಳ ಕೈಯ ಹೋಳಿಗೆ ಎಲ್ಲರಿಗೂ ಬೇಕು, ಅವಳ ಮುಖ ಮಾತ್ರ ಶುಭಕಾರ್ಯಕ್ಕೆ ಬೇಡ.

ನಾನಿನ್ನೂ ಚಿಕ್ಕವಳಿದ್ದಾಗ ಒಂದು ವರ್ಷ ಸಾಂಗ್ಲಿಗೆ ಇಬ್ಬರು ಬಾಹ್ಯಾಕಾಶ ಯಾನಿಗಳು ಸನ್ಮಾನಕ್ಕೆಂದು ಬಂದಿದ್ದರು. ಪರದೇಶದವರು, ನಿವೃತ್ತರಾದವರು, ಒಬ್ಬ ಮುದುಕ, ಒಬ್ಬಳು ಬೆಳ್ಳಿಗೂದಲ ಹೆಂಗಸು. ಶಾಲೆಯ ಕಮಿಟಿ ಅಧ್ಯಕ್ಷನಾಗಿದ್ದ ಅಜ್ಜ ಹಠ ಹಿಡಿದು ಅವರನ್ನು ನಮ್ಮೂರಿಗೂ ಕರೆಸಿದ. ಊಟ ನಮ್ಮ ಮನೆಯಲ್ಲಿ. ಹೆಣ್ಣುಮಗಳು ಬರುತ್ತಾಳೆಂದ ಮೇಲೆ ಕುಂಕುಮವಿಟ್ಟು ಉಡಿ ತುಂಬದೆ ಕಳಿಸುವುದುಂಟೇ? ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲ್ಲ ಅಗಲವಾದ ಹಿತ್ತಾಳೆಯ ಪರಾತದಲ್ಲಿ ಸಜ್ಜಾಯಿತು. ಹನ್ನೆರಡನೇ ತರಗತಿಯಲ್ಲಿ ಸೈನ್ಸ್ ಓದುತ್ತಿದ್ದ ಶಾಂತತ್ತೆಯನ್ನು ನಡುವೆಯೇ ಬಿಡಿಸಿ ಮದುವೆ ಮಾಡಿದ್ದರು. ಆಕಾಶಕ್ಕೆ ಹೋಗಿ ಬಂದ ಹೆಂಗಸೊಬ್ಬಳು ತನ್ನ ಪಡಸಾಲೆಯಲ್ಲಿ ಕೂರುತ್ತಾಳೆಂಬ ಸುದ್ದಿಗೆ ಅವಳು ಹುಡುಗಿಯಂತಾಗಿದ್ದಳು. “ಯವ್ವಾ, ಆಕಿ ಉಡಿ ನಾ ತುಂಬತೀನಿ. ಇದೊಂದ ಕೇಳತೀನಿ ನೋಡು,” ಎಂದಳು. ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆಯೇ, “ಹುಚ್ಚಿ, ಮ್ಯಾಲ ಹಾರ್‍ಯಾಡೋ ಜೀವ ಅದು. ನಿನ್ನ ಕೈ ಹತ್ತಿ ನಾಳಿ ಏನರ ಆದ್ರ?” ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಶಾಲೆಯ ಅಂಗಳದಲ್ಲಿ ಇಬ್ಬರ ತಲೆಗೂ ಫೇಟಾ ಸುತ್ತಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ಮುದುಕನ ಫೇಟಾ ಕಿವಿಯವರೆಗೆ ಇಳಿದಿತ್ತು. ಹೆಡ್‌ಮಾಸ್ತರರು ಮರಾಠಿಯಲ್ಲಿ ಪರಿಚಯ ಮಾಡಿಕೊಡುತ್ತ, ಗಂಡ ತೀರಿಕೊಂಡ ಮೇಲೂ ಈಕೆ ಎದೆಗುಂದದೆ ಮತ್ತೆ ಬಾಹ್ಯಾಕಾಶಕ್ಕೆ ಹೋಗಿ ಬಂದರು ಎಂದರು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ನಮ್ಮ ಮನೆಯ ಹೆಂಗಸರ ಕೈಗಳು ಮಾತ್ರ ನಡುವೆಯೇ ನಿಂತವು. ಅಜ್ಜಿಯ ಆಗಿನ ಮುಖ ನೆನೆದರೆ ಈಗಲೂ ನಗು ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ನಾನು ಓಡಿಹೋಗಿ ಅಡಿಗೆಮನೆಯಲ್ಲಿದ್ದ ಶಾಂತತ್ತೆಗೆ ಸುದ್ದಿ ಮುಟ್ಟಿಸಿದೆ. ತವೆಯ ಮೇಲಿನ ಹೋಳಿಗೆ ಸೀಯುವವರೆಗೂ ಅವಳು ನನ್ನನ್ನೇ ನೋಡುತ್ತಿದ್ದಳು.

ಅತಿಥಿಗಳು ಪಡಸಾಲೆಯಲ್ಲಿ ಕೂತ ಮೇಲೆ ಪರಾತ ಹಿಡಿದ ನನ್ನ ಅವ್ವ ಅಜ್ಜಿಯ ಕಿವಿಯಲ್ಲಿ, “ಹೆಂಗ ಮಾಡೂನ್ರಿ?” ಎಂದಳು. “ಹಚ್ಚ. ಆಕಿ ದೇವರ ಹಂತ್ಯಾಕ ಹೋಗಿ ಬಂದಾಕಿ. ಆಕಿಗಿ ಯಾವ ದೋಷ ಹತ್ತತೈತಿ?” ಎಂದು ಅಜ್ಜಿ ತೀರ್ಪು ಕೊಟ್ಟಳು. ಅವ್ವ ಕುಂಕುಮವಿಟ್ಟಳು. ಅವ್ವ ಹೇಳಿಕೊಟ್ಟಂತೆ ಆ ಹೆಂಗಸು ಶಾಲಿನ ಸೆರಗೊಡ್ಡಿ ಉಡಿ ತುಂಬಿಸಿಕೊಂಡಳು. ಸುತ್ತಲೂ ಮೊಬೈಲುಗಳು ಮೇಲೆದ್ದವು. ಅಷ್ಟರಲ್ಲಿ ಶಾಂತತ್ತೆ ಒಳಗಿನಿಂದ ಬಂದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅಜ್ಜಿಯ ಮುಂದೆ ಹಣೆಯೊಡ್ಡಿ ನಿಂತಳು. “ನನಗೂ ಹಚ್ಚ ಯವ್ವಾ. ಆಕಿಗೂ ಗಂಡಿಲ್ಲ, ನನಗೂ ಇಲ್ಲ.”

ಅಜ್ಜಿ ಪರಾತದಿಂದ ಕುಂಕುಮದ ಬಟ್ಟಲನ್ನು ಎತ್ತಿ ಸೆರಗಿನಲ್ಲಿ ಮುಚ್ಚಿದಳು. “ಗಂಡನ್ನ ನುಂಗಿದಾಕಿ, ಒಳಗ ನಡಿ. ಬಂದವ್ರ ಮುಂದ ನಮ್ಮ ಮಾನಾ ಕಳೀಬ್ಯಾಡ.” ಪರದೇಶದ ಹೆಂಗಸು ಪಕ್ಕದಲ್ಲಿದ್ದ ಇಂಗ್ಲಿಷ್ ಮಾಸ್ತರನನ್ನು ಏನು ಹೇಳುತ್ತಿದ್ದಾರೆಂದು ಕೇಳಿದಳು. ಅಡಿಗೆ ತಯಾರಾಗಿದೆ ಎನ್ನುತ್ತಿದ್ದಾರೆ ಎಂದು ಆತ ನಗುತ್ತ ತಿಳಿಸಿದ. ಆಕೆ ಖುಷಿಯಿಂದ ಶಾಂತತ್ತೆಗೆ ಕೈಮುಗಿದಳು. ಶಾಂತತ್ತೆಯೂ ಕೈಮುಗಿದು ಒಳಗೆ ಹೋಗಿ, ಹೋಳಿಗೆಗೆ ತುಪ್ಪ ಹಾಕಿ ಕಳಿಸಿದಳು. ಇಬ್ಬರೂ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರೆಂದು ಅಜ್ಜ ಬಹಳ ದಿನ ಊರೆಲ್ಲ ಹೇಳಿಕೊಂಡು ತಿರುಗಿದ.

ಅದಾದ ಮೇಲೆ ಶಾಂತತ್ತೆ ಯಾರನ್ನೂ ಏನನ್ನೂ ಕೇಳಲಿಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಅಜ್ಜ, ಅಜ್ಜಿ ಯಾವಾಗಲೋ ಹೋಗಿದ್ದರು. ಗದರಿಸುವ ಹಿರಿಯರು ಒಬ್ಬರೂ ಉಳಿದಿರಲಿಲ್ಲ. ಮನೆಯ ಸೊಸೆಯಂದಿರು, ಹೆಣ್ಣುಮಕ್ಕಳು, ಓದಿದವರು, ನೌಕರಿಯವರು, ನಾವೇ ಸೇರಿ ಅವಳಿಗೆ ಜಳಕ ಮಾಡಿಸಿದೆವು, ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದೆವು, ಹೂ ಹಾಕಿದೆವು. ಕರುಳು ಕಿತ್ತುಬರುವಂತೆ ಅತ್ತೆವು. ಕುಂಕುಮದ ಬಟ್ಟಲು ದೇವರ ಮುಂದೆಯೇ ಇತ್ತು. ಅವಳ ಹಣೆಗೆ ಕುಂಕುಮ ಬೇಡವೆಂದು ಯಾರೂ ಅನ್ನಲಿಲ್ಲ. ಅನ್ನಬೇಕಾಗಿ ಬರಲೂ ಇಲ್ಲ.