ಒಂಬತ್ತು ತಲೆ ಎತ್ತರದ ಅತ್ತೆ

ಮಗಳು ಹೈಸ್ಕೂಲಿಗೆ ಸೇರಿದ ವರ್ಷ ನಾನು ಸಹಕಾರನಗರದ ಫ್ಯಾಷನ್ ಡ್ರಾಯಿಂಗ್ ಕ್ಲಾಸಿಗೆ ಸೇರಿದೆ. ತಲೆಯಲ್ಲಿ ಬ್ಲೌಸ್ ಡಿಸೈನುಗಳು ಬೇಕಾದಷ್ಟಿದ್ದವು. ಕಾಗದಕ್ಕಿಳಿಸಿದರೆ ಮಾತ್ರ ಎಲ್ಲವೂ ಒಣಹಾಕಿದ ದಿಂಬಿನ ಕವರಿನಂತೆ ಕಾಣುತ್ತಿದ್ದವು.

ಉಳಿದವರೆಲ್ಲ ಮತ್ತಿಕೆರೆಯ ಬಾಡಿಗೆ ರೂಮುಗಳಿಂದ ಬರುವ ಹುಡುಗಿಯರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಮ್" ಎಂದರು. ಆಮೇಲೆ ನಿಜವಾದ ಟೀಚರ್ ಬಂದರು, ಚಿಕ್ಕ ವಯಸ್ಸಿನವರು. ಯಾರೂ ಏಳಲಿಲ್ಲ.

ನಿಜವಾದ ಮನುಷ್ಯರ ಎತ್ತರ ಅವರ ತಲೆಯ ಏಳೂವರೆ ಪಟ್ಟು, ಫ್ಯಾಷನ್ ಚಿತ್ರದಲ್ಲಿ ಒಂಬತ್ತು ಪಟ್ಟು, ಹೆಚ್ಚಿದ ಉದ್ದವೆಲ್ಲ ಕಾಲಿಗೆ ಎಂಬುದು ಅವರ ಮೊದಲ ಪಾಠ.

ಯಲಹಂಕದ ಮನೆಗೆ ಬಂದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಇವತ್ತೇನ್ ಏಳ್ಕೊಟ್ರು?"

"ಒಂಬತ್ತು ತಲೆ ಬರಿಯೋದು ಅತ್ತೆ."

ಅತ್ತೆ ಸ್ವಲ್ಪ ಯೋಚಿಸಿದರು. "ರಾವಣಂಗೆ ಅತ್ತ್ ತಲೆ ಅಲ್ವಾ? ಒಂದ್ ಯಾಕ್ ಬಿಟ್ರು?"

ಕೆಲವು ವಾರಗಳ ನಂತರ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿರುವ ವ್ಯಕ್ತಿಯನ್ನು ನೋಡಿಕೊಂಡು ಬರೆದು ತರಬೇಕೆಂದು ಟೀಚರ್ ಹೇಳಿದರು. ಗಂಡನೂ ಮಗಳೂ ಜಾರಿಕೊಂಡರು. ಅತ್ತೆ ಒಪ್ಪಿದರು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಮಹಡಿಗೆ ಬಂದವರೇ ರಾಷ್ಟ್ರಗೀತೆಗೆ ನಿಂತಂತೆ ನೆಟ್ಟಗೆ ನಿಂತರು.

"ಒಂದ್ ಕಾಲ್ ಸಡಿಲ ಬಿಡಿ ಅತ್ತೆ. ಸೊಂಟ ಸ್ವಲ್ಪ ಈ ಕಡೆ."

"ಸೊಂಟ ವಾರೆ ಮಾಡ್ಕಂಡ್ ನಿಂತ್ರೆ ನೋಡ್ದೋರ್ ಏನಂತಾರೆ?"

ಅಷ್ಟರಲ್ಲಿ ಕೆಳಗೆ ಯಾರೋ ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಹಡಿಯ ಅಂಚಿಗೆ ಹೋದರು. ಒಂದು ಕೈ ಸೊಂಟದ ಮೇಲೆ, ಒಂದು ಮಂಡಿ ಮುಂದಕ್ಕೆ, ಗದ್ದ ಮೇಲಕ್ಕೆ.

"ಯಾರಪ್ಪ ಅದು? ಇದೇನ್ ನಿಮ್ ಮಾವನ್ ಮನೇನಾ?"

ಟೀಚರ್ ಫೋಟೋಗಳಲ್ಲಿ ತೋರಿಸಿದ್ದ ನಿಲುವು ಕಣ್ಣೆದುರಿಗಿತ್ತು. ನಾನು ಪೆನ್ಸಿಲ್ ಓಡಿಸತೊಡಗಿದೆ. ಆ ಮನುಷ್ಯ ಪಾಪ, ತಕ್ಷಣ ಸೋತು ಮತ್ತೆ ಕಾರು ಹತ್ತಲು ಬಾಗಿಲು ತೆಗೆದ.

"ಇನ್ನೂ ಸ್ವಲ್ಪ ಬೈರಿ ಅತ್ತೆ, ಎಡಗಡೆ ತೋಳು ಆಗ್ಲಿಲ್ಲ," ಎಂದೆ.

ಅತ್ತೆ ತಿರುಗಿಯೂ ನೋಡದೆ ಅವನಿಗೆ ಲೈಸೆನ್ಸ್ ಕೊಟ್ಟವರನ್ನು ಬೈಯಲು ಶುರುಮಾಡಿದರು. ತೋಳು ಮುಗಿಯಿತು.

ಬಣ್ಣ ಹಾಕಿ ತೋರಿಸಿದಾಗ ಅವರು ಹಾಳೆಯನ್ನು ದೂರ ಹಿಡಿದು ನೋಡಿದರು. "ಮೊಕ ನಂದೇ. ಕಾಲ್ ಯಾರ್ದು?"

"ಫ್ಯಾಷನ್‌ನಲ್ಲಿ ಹಂಗೇ ಉದ್ದ ಹಾಕ್ತಾರೆ."

ಬೇಸರವಾಯಿತೇನೋ ಎಂದು ನಾನು ಹೆದರಿದೆ. ಅವರು ಹಾಳೆಯನ್ನು ಇನ್ನಷ್ಟು ದೂರ ಹಿಡಿದು ಎಂದರು, "ಮದ್ವೆಗೆ ಮುಂಚೆ ಇಂಗೇ ಇದ್ದೆ."

ಟೀಚರಿಗೆ ಚಿತ್ರ ಎಷ್ಟು ಹಿಡಿಸಿತೆಂದರೆ, ಎಲ್ಲರೂ ನೋಡಿ ಬರೆಯಲಿ, ಆ ಮಾಡೆಲ್ಲನ್ನೇ ಕರೆತನ್ನಿ ಎಂದರು. ಅತ್ತೆ ಅದೇ ರೇಷ್ಮೆ ಸೀರೆಯಲ್ಲಿ ಆಟೋ ಹತ್ತಿದರು. ಕ್ಲಾಸಿನಲ್ಲಿ ಮತ್ತೆ ಕಂಬದಂತೆ ನಿಂತರು. ಟೀಚರ್ ಬೇಡಿಕೊಂಡರೂ ಸೊಂಟ ಅಲುಗಲಿಲ್ಲ. ಹುಡುಗಿಯರು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ನನಗೆ ಒಂದು ಉಪಾಯ ಹೊಳೆಯಿತು.

"ಅತ್ತೆ, ಈ ಹುಡುಗೀರು ಬೆಳಿಗ್ಗೆ ತಿಂಡಿ ತಿನ್ನೋದೇ ಇಲ್ವಂತೆ," ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ತಿನ್ನಲ್ವಾ? ಏನವ್ವಾ ನೀನು, ಆ ಕನ್ನಡಕದೋಳು. ನೆನ್ನೆ ರಾತ್ರಿ ಏನ್ ತಿಂದೆ?"

"ನೂಡಲ್ಸ್ ಆಂಟಿ," ಎಂದಳು ಅವಳು, ತಲೆ ಎತ್ತದೆ, ಬರೆಯುತ್ತಲೇ.

ಅರ್ಧ ಗಂಟೆ ಅತ್ತೆ ಕ್ಲಾಸಿಗೆಲ್ಲ ಬೈದರು. ನಡುವೆ ಟೀಚರನ್ನೂ ಸೇರಿಸಿಕೊಂಡರು. ಪೆನ್ಸಿಲ್‌ಗಳ ಸದ್ದು ನಿಲ್ಲಲಿಲ್ಲ. ಎಲ್ಲರ ಚಿತ್ರವೂ ಚೆನ್ನಾಗಿ ಬಂತು, ನನ್ನದೊಂದು ಬಿಟ್ಟು. ನಗು ತಡೆಯಲಾಗದೆ ನನ್ನ ಗೆರೆಯೆಲ್ಲ ಅಲುಗಿತ್ತು.

ಮರುವಾರದಿಂದ ಡ್ರಾಯಿಂಗ್ ಬೋರ್ಡಿನ ಜೊತೆ ಅತ್ತೆ ಕಟ್ಟಿಕೊಟ್ಟ ದೊಡ್ಡ ಡಬ್ಬಿ ಚಿತ್ರಾನ್ನವನ್ನೂ ನಾನೇ ಹೊರಬೇಕಾಯಿತು. ಹುಡುಗಿಯರು ನನ್ನನ್ನು ಕಂಡರೆ ಪುನಃ ಎದ್ದು ನಿಲ್ಲತೊಡಗಿದರು; ಈ ಸಲ ಕಣ್ಣೆಲ್ಲ ಡಬ್ಬಿಯ ಮೇಲೆ.

ಈಗ ಒಂದು ಬೊಟಿಕ್‌ಗೆ ಡಿಸೈನ್ ಬರೆದುಕೊಡುತ್ತೇನೆ. ನೆರಿಗೆ ಬರುತ್ತದೆ, ಜರಿ ಬರುತ್ತದೆ. ಕೈಬೆರಳುಗಳು ಮಾತ್ರ ಇನ್ನೂ ಬೆಂಡೆಕಾಯಿಯಂತೆ ಬರುತ್ತವೆ, ಅದಕ್ಕೇ ಚಿತ್ರದಲ್ಲಿ ಎಲ್ಲರ ಕೈಯನ್ನೂ ಸೆರಗಿನೊಳಗೆ ಮುಚ್ಚಿಡುತ್ತೇನೆ.