ಕೆಂಗೇರಿಯಿಂದ ತಂದ ‘ಗೀಕು’

ಲಗ್ಗೆರೆಯಿಂದ ವಿಜಯನಗರ ಮೆಟ್ರೋ ಸ್ಟೇಷನ್ನಿಗೆ ಆಟೋದವನು “ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್” ಅಂದ. ಚೌಕಾಸಿಗೆ ಮನಸ್ಸಿರಲಿಲ್ಲ. ಹೆಂಡತಿ ಸರೋಜಳನ್ನು ಕೂರಿಸಿ, ಸ್ವಾಧೀನವಿಲ್ಲದ ಅವಳ ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟೆ. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕೆಂಗೇರಿಯಲ್ಲಿ ಅವಳಿಗೆ ಮಾತು ಕಲಿಸುತ್ತಿದ್ದರು. ಅದನ್ನು ಮುಂದುವರಿಸುವುದೋ ನಿಲ್ಲಿಸುವುದೋ, ಅವತ್ತು ತೀರ್ಮಾನವಾಗಬೇಕಿತ್ತು.

ಸರೋಜ ಎಂದೂ ಒಂಟಿ ಮಾತು ಆಡಿದವಳಲ್ಲ. ಮನೆಗೆ ಬಂದವರಿಗೆ ಕಾಫಿ ಗೀಫಿ, ತಿಂಡಿ ಗಿಂಡಿ. ನಾನು ಸಿಡುಕಿದರೆ “ಜಗಳ ಗಿಗಳ ಬೇಡಪ್ಪ”. ಪಾರ್ಶ್ವವಾಯು ಹೊಡೆದ ಮೇಲೆ ಜೋಡಿಯಲ್ಲಿ ಮೊದಲನೆಯದು ಹೋಯಿತು, ಬಾಲ ಉಳಿಯಿತು. ಅರ್ಥವಿದ್ದದ್ದು ಹೋಗಿ ಅರ್ಥವಿಲ್ಲದ್ದು ಉಳಿಯಬೇಕೆ? ದೇವರಿಗೆ ಇದಕ್ಕಿಂತ ಕೆಟ್ಟ ತಮಾಷೆ ಹೊಳೆಯಲಿಲ್ಲವೇನೋ.

ವಿಜಯನಗರದಲ್ಲಿ ದರ್ಶಿನಿಯ ಎದುರು ಇಳಿದಾಗ “ಗೀಫಿ” ಅಂದಳು. ಅದು ತಿಳಿಯಿತು. ಕಾಫಿ ತಂದು ಆರಿಸಿ ಕುಡಿಸಿದೆ. ಅರ್ಧ ಸೀರೆಯ ಮೇಲೆ ಹೋಯಿತು. ಮೆಟ್ರೋ ಹತ್ತಿದ ಮೇಲೆ “ಗೀರು” ಅಂದಳು. ನೀರು ಕೊಟ್ಟರೆ ಬಾಟಲಿ ತಳ್ಳಿದಳು.

“ಊರಾ? ಸಾರಾ? ಯಾರು ಅಂತಿದೀಯಾ?”

ಎದುರಿಗೆ ಕುಳಿತಿದ್ದ ಹೆಂಗಸು ಮರುಗಿದರು. “ಅಕ್ಕಂಗೆ ಏನ್ ಬೇಕಂತೆ ಅಣ್ಣ?”

“ಗೊತ್ತಿಲ್ಲಮ್ಮ” ಅಂದೆ. ರಾಜರಾಜೇಶ್ವರಿ ನಗರ ಬರುವಷ್ಟರಲ್ಲಿ ಸರೋಜ ಕಣ್ಣು ಮುಚ್ಚಿಕೊಂಡಿದ್ದಳು.

ಕೆಂಗೇರಿಯಲ್ಲಿ ಮಾತು ಕಲಿಸುವ ಹುಡುಗಿ ಚಿತ್ರಗಳನ್ನು ತೋರಿಸಿದಳು. ಸರೋಜ ಒಂದೊಂದಕ್ಕೂ ತಿಣುಕಿ, ಬೆವರಿ, ಕಡೆಗೆ ಅತ್ತುಬಿಟ್ಟಳು.

“ಒತ್ತಾಯ ಮಾಡಿದ್ರೆ ಇರೋ ಮಾತೂ ನಿಂತೋಗ್ಬೋದು ಸಾರ್” ಎಂದಳು ಹುಡುಗಿ. “ನಿಲ್ಸಿದ್ರೆ ಇಷ್ಟರಲ್ಲೇ ಇರ್ತಾರೆ. ಅವರನ್ನೇ ಕೇಳ್ಬಿಡೋಣ. ಆಂಟಿ, ಕ್ಲಾಸ್ ಇನ್ನೂ ಬೇಕಾ, ಸಾಕಾ?”

ಸರೋಜ ನನ್ನನ್ನೇ ನೋಡುತ್ತಾ ಗಟ್ಟಿಯಾಗಿ “ಗೀಕು” ಅಂದಳು.

ಬೇಕು ಗೀಕು. ಸಾಕು ಗೀಕು. ಎರಡಕ್ಕೂ ಒಂದೇ ಬಾಲ. ಕೈ ಎತ್ತಿ ತೋರಿಸು ಅಂದರೆ ಎರಡಕ್ಕೂ ಎತ್ತಿದಳು. ಮತ್ತೆ ಕೇಳಿದಾಗ ಅದನ್ನೇ ರೇಗಿಕೊಂಡು ಹೇಳಿದಳು. ಅವಳ ಪಾಲಿಗೆ ಉತ್ತರ ಕೊಟ್ಟಾಗಿತ್ತು.

“ಬೇಕಂತೆ” ಎಂದೆ. ಬೇಕಾಗಿದ್ದದ್ದು ನನಗೆ. ಅವಳಿಗೆ ಸಾಕಾಗಿತ್ತೇ ಎಂದು ನಾನು ಸಾಯುವವರೆಗೂ ತಿಳಿಯುವುದಿಲ್ಲ. ಹುಡುಗಿ ಮುಂದಿನ ವಾರ ಬನ್ನಿ ಅಂದಳು.

ವಾಪಸು ರೈಲಿನಲ್ಲಿ ಮೂಲೆಯ ಸೀಟು ಸಿಕ್ಕಿತು. ಎದುರಿನ ಕಿಟಕಿಯಲ್ಲಿ ಕೆಂಗೇರಿಯ ಮನೆಗಳು ಹಿಂದೆ ಸರಿದವು. ಇದ್ದಕ್ಕಿದ್ದಂತೆ ಸರೋಜ ನನ್ನ ತೋಳು ಹಿಡಿದು “ಗೀ” ಅಂದಳು.

ಮದುವೆಯಾದಾಗಿನಿಂದ ಅವಳು ನನ್ನನ್ನು ಕರೆದದ್ದು “ರೀ” ಎಂದೇ. ನನ್ನನ್ನು ಕರೆದಳೋ, ಅದೇ ಗೀಕು ಅನ್ನಲು ಹೊರಟು ದಣಿದು ಅರ್ಧಕ್ಕೆ ನಿಲ್ಲಿಸಿದಳೋ.

“ಏನೇ?” ಎಂದೆ, ಎಂದಿನಂತೆ.

ಅವಳು ಕೈ ಬಿಟ್ಟು ಕಿಟಕಿಯತ್ತ ತಿರುಗಿದಳು.