ರಸ್ತೆಗೆ ಬೆನ್ನು ಹಾಕಿದ ಶೆಡ್ಡು

ಕೆಂಗೇರಿಯಲ್ಲಿ ಮೈಸೂರು ರಸ್ತೆಗೆ ಬೆನ್ನು ಹಾಕಿ ನಿಂತಿದ್ದ ಕಾರ್ಖಾನೆ ಒಂದೇ ಒಂದು, ಅದು ನಮ್ಮಣ್ಣ ನಂಜಪ್ಪನದು. ಆನೆ ನುಗ್ಗುವಷ್ಟು ದೊಡ್ಡ ಕಬ್ಬಿಣದ ಗೇಟು ಹಿಂದಿನ ರೈಲು ಕಂಬಿಯ ಕಡೆಗಿತ್ತು. ರಸ್ತೆಯ ಕಡೆಗೆ ಉದ್ದನೆಯ ಗೋಡೆ, ಅದರಲ್ಲಿ ಬಚ್ಚಲುಮನೆಗೆ ಇಡುವಂಥ ಒಂದು ಬಾಗಿಲು. ನೋಡಿದವರು ನಗುತ್ತಿದ್ದರು. ಅವನ ಜೊತೆ ದುಡಿಯುತ್ತಿದ್ದ ನನಗೆ ನಗು ಬರುತ್ತಿರಲಿಲ್ಲ.

ನಾವು ಹಿಟ್ಟಿನ ಗಿರಣಿಗಳಿಗೆ ಎರಕದ ಚಕ್ರ ಮಾಡುತ್ತಿದ್ದೆವು. ಕಬ್ಬಿಣವೂ ಭಾರ, ಕುಲುಮೆಯ ಕಲ್ಲಿದ್ದಲೂ ಭಾರ, ಭಾರಕ್ಕೆ ರೈಲೇ ಸರಿ ಎಂಬುದು ಅಣ್ಣನ ಲೆಕ್ಕಾಚಾರ. ಎಂಬತ್ತರ ದಶಕದ ಮೊದಲಲ್ಲಿ ಶೆಡ್ಡು ಕಟ್ಟುವಾಗ ರೈಲ್ವೆಯ ಯಾರೋ ಒಬ್ಬರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ, ನಿಮ್ಮ ಗೇಟಿನವರೆಗೂ ಒಂದು ಕವಲು ಕಂಬಿ ಹಾಕಿಸೋಣ ಎಂದಿದ್ದರು. ಆ ಕಂಬಿ ಬರಲೇ ಇಲ್ಲ, ಆ ಒಂದು ಲೋಟ ಕಾಫಿ ಮಾತ್ರ ನಮ್ಮ ಮನೆ ಹಾಳು ಮಾಡಿತು.

ರೈಲಿನ ಸಿಳ್ಳು ಕೇಳಿದರೆ ಅಣ್ಣ ಮುದ್ದೆ ಬಿಟ್ಟು ಎಂಜಲು ಕೈಯಲ್ಲೇ ಗೇಟಿಗೆ ಓಡುತ್ತಿದ್ದ. "ಲಾರಿ ಬರೋದು ಡ್ರೈವರ್‌ಗೆ ಮನಸ್ಸು ಬಂದ್ರೆ. ರೈಲು ಹಂಗಲ್ಲ ಕಣೋ, ಕಂಬಿ ಇರೋ ಕಡೆ ಬರ್ಲೇಬೇಕು" ಎನ್ನುತ್ತಿದ್ದ. ಅತ್ತಿಗೆ ಸಾರನ್ನು ಮತ್ತೆ ಒಲೆಯ ಮೇಲಿಡುತ್ತಿದ್ದರು.

ನಿಜವೆಂದರೆ ಕಲ್ಲಿದ್ದಲಿನ ಗೂಡ್ಸ್ ಗಾಡಿ ಬೆಂಗಳೂರಿನವರೆಗೆ ಬರುತ್ತಿದ್ದದ್ದು ಅಗಲ ಕಂಬಿಯ ಮೇಲೆ. ನಮ್ಮ ಕಡೆಯದು ಅದಕ್ಕಿಂತ ಕಿರಿದಾದ ಮೀಟರ್ ಗೇಜು. ಆ ವ್ಯಾಗನ್ ಇತ್ತ ತಿರುಗುವಂತೆಯೇ ಇರಲಿಲ್ಲ. ಕೇಳಿದರೆ, ನಮ್ಮದನ್ನೂ ಅಗಲ ಮಾಡ್ತಾರೆ ಎನ್ನುತ್ತಿದ್ದ. ಹಾಗಾಗಿ ಲಾರಿಯೇ ಗತಿ. ಅದು ರಸ್ತೆಯಲ್ಲೇ ನಿಲ್ಲಬೇಕು, ಆಳುಗಳು ಚಕ್ರಗಳನ್ನು ಓರೆ ಮಾಡಿಕೊಂಡು ಆ ಕಿರುಬಾಗಿಲಿನಲ್ಲಿ ಹೊರಗೆ ತರಬೇಕು. ಒಂದು ದಿನ ಚಕ್ರ ಜಾರಿ ನಮ್ಮ ಹಳೆಯ ಕೆಲಸಗಾರ ಮುನಿಯಪ್ಪನ ಪಾದ ಜಜ್ಜಿಹೋಯಿತು. ಗೋಡೆ ಒಡೆದು ಇಲ್ಲೊಂದು ಗೇಟು ಇಡೋಣ ಎಂದು ಕೂಗಾಡಿದೆ. ಅಣ್ಣ ದನಿ ತಗ್ಗಿಸಿದ.

"ರಸ್ತೆಗೆ ಗೇಟ್ ಇಟ್ರೆ ರೈಲ್ವೆಯೋರು ನೋಡ್ತಾರೆ ಕಣೋ. ಇವ್ರಿಗೆ ಲಾರಿನೇ ಸಾಕು ಅಂತ ನಮ್ಮನ್ನ ಬಿಟ್ಬಿಡ್ತಾರೆ."

ನೋಡಲು ಯಾವ ರೈಲ್ವೆಯವನೂ ಬರಲಿಲ್ಲ. ಬಂದವರು ನಮ್ಮ ದೊಡ್ಡ ಗಿರಾಕಿ, ರಾಜಾಜಿನಗರದ ಸಾಹುಕಾರರು. "ನಿಮ್ಮ ಎರಕಕ್ಕೆ ಹೆಸರಿಡೋ ಹಾಗಿಲ್ಲ ಯಜಮಾನ್ರೆ, ನಿಮ್ಮ ಬಾಗಿಲಿಗೆ ಇಡ್ಬೇಕು" ಎಂದವರು, ಲಾರಿ ಒಳಗೇ ಹೋಗಿ ನಿಲ್ಲುವ ಪೀಣ್ಯದ ಶೆಡ್ಡಿಗೆ ಕೆಲಸ ಕೊಟ್ಟರು. ಉಳಿದವರೂ ಅದೇ ದಾರಿ ಹಿಡಿದರು. ಕುಲುಮೆ ಆರಿತು. ಅಣ್ಣ ಮಾತ್ರ ಗೇಟಿನ ಕೀಲುಗಳಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ. ಅವನನ್ನು ನೆನೆದರೆ ನನಗೆ ಇಂದಿಗೂ ಮೊದಲು ಬರುವುದು ಸಿಟ್ಟು, ಆಮೇಲೆ ಅಳು.

ಅವನು ಆ ಶೆಡ್ಡಿನಲ್ಲೇ ಸತ್ತ. ಚಟ್ಟ ಕಿರುಬಾಗಿಲಿನಲ್ಲಿ ತಿರುಗಲಿಲ್ಲ. ಹಿಂದಿನ ಗೇಟಿನಿಂದ ಒಯ್ಯೋಣ ಎಂದು ಯಾರೋ ಅಂದಾಗ ಅತ್ತಿಗೆ ಅಳು ನಿಲ್ಲಿಸಿದರು.

"ಆ ಗೇಟಿಂದ ಬೇಡ. ಗೋಡೆ ಒಡೀರಿ."

ಕುಂಟುತ್ತ ಬಂದ ಮುನಿಯಪ್ಪನೇ ಮೊದಲ ಸುತ್ತಿಗೆ ಏಟು ಹಾಕಿದ. ಅಣ್ಣನ ಮೇಲಿನ ಹೂವು ಬಾಡುವ ಮೊದಲೇ ಗೋಡೆ ಬಿತ್ತು. ಇಷ್ಟು ವರ್ಷ ಬಾಕಿಯಿದ್ದದ್ದು ಇಷ್ಟೇ ಕೆಲಸ.

ಮಣ್ಣು ಮಾಡಿ ಹಿಂತಿರುಗಿದಾಗ ಒಡೆದ ಗೋಡೆಯ ಮುಂದೆ ಒಂದು ಖಾಲಿ ಲಾರಿ ನಿಂತಿತ್ತು. ಡ್ರೈವರ್ ತಲೆ ಹೊರಗೆ ಹಾಕಿ, "ಲೋಡ್ ಇದೆಯೇನಣ್ಣ?" ಎಂದು ಕೇಳಿದ.

ಇಲ್ಲ ಎಂದೆ.